ರೈಬೋಸನ್ನು ಉಳಿಸುವ ಬೋರೇಟ್: ಜೀವದ ಉಗಮದಲ್ಲಿ ಬೋರಾನಿನ ಪಾತ್ರ ಕುರಿತು ಒಂದು ಟಿಪ್ಪಣಿ

ಜೀವದ ಉಗಮದ ಚರ್ಚೆಗೆ ಬೋರಾನ್ ಬಂದದ್ದು ತಡವಾಗಿ. ಅದೂ ಒಂದು ಸಕ್ಕರೆಯ ದೆಸೆಯಿಂದ. ಆರ್‌ಎನ್‌ಎ ತಾನೇ ಕಿಣ್ವದ ಕೆಲಸವನ್ನೂ ಮಾಡಬಲ್ಲದು ಎಂದು ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ 1980ರ ದಶಕದ ಮೊದಲ ವರ್ಷಗಳಲ್ಲಿ ತೋರಿಸಿಕೊಟ್ಟರು. ಡಿಎನ್‌ಎ, ಪ್ರೋಟೀನು ಎರಡೂ ಇನ್ನೂ ಇಲ್ಲದ ಕಾಲದಲ್ಲಿ ಆರ್‌ಎನ್‌ಎ ಒಂದೇ ಇಬ್ಬರ ಕೆಲಸವನ್ನೂ ನಿಭಾಯಿಸುತ್ತಿತ್ತು ಎಂಬ ಊಹೆಗೆ ಆಗ ಬಲ ಬಂತು. ಆದರೆ ಆರ್‌ಎನ್‌ಎಯ ಪ್ರತಿ ಕೊಂಡಿಯಲ್ಲೂ ರೈಬೋಸ್ ಎಂಬ ಐದು ಇಂಗಾಲದ ಸಕ್ಕರೆ ಇದೆ. ಜೀವಿಗಳೇ ಇಲ್ಲದ ಭೂಮಿಯಲ್ಲಿ ಅದು ಹೇಗೆ ಹುಟ್ಟಿತು? ಹುಟ್ಟಿದ ಮೇಲೆ ಕೆಡದೆ ಹೇಗೆ ಉಳಿಯಿತು? ಎರಡಕ್ಕೂ ಒಟ್ಟಿಗೆ ಹೊಂದುವ ಒಂದು ಉತ್ತರ 2004ರಲ್ಲಿ ಬಂತು. ಆ ಉತ್ತರದ ಹೆಸರು ಬೋರೇಟ್.

ಇದರ ರಸಾಯನ ಗಟ್ಟಿ, ಭೂವಿಜ್ಞಾನ ಸಡಿಲ ಎಂಬ ತೀರ್ಪು ಈ ಕ್ಷೇತ್ರದಲ್ಲಿ ಆಗಾಗ ಕೇಳಿಬರುತ್ತದೆ. ತೀರ್ಪು ತಪ್ಪಲ್ಲ. ಆದರೆ ಎರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದರೆ ಮುಖ್ಯವಾದದ್ದೊಂದು ಕೈತಪ್ಪುತ್ತದೆ. ತನಗೆ ಎಂಥ ಜಾಗ ಬೇಕು ಎಂಬುದನ್ನು ಬೋರೇಟಿನ ರಸಾಯನವೇ ಹೇಳುತ್ತದೆ. ಅದಕ್ಕೆ ಬೇಕಾದದ್ದು ತೆರೆದ ಕಡಲಲ್ಲ. ಹೊರಹರಿವಿಲ್ಲದ, ಕ್ಷಾರ ತುಂಬಿದ, ಆಗಾಗ ಒಣಗುವ ತಗ್ಗು. ಹಾಗಾಗಿ ‘ಬೋರಾನ್ ಇತ್ತೇ ಇಲ್ಲವೇ’ ಎಂದು ಕೇಳುವುದಕ್ಕಿಂತ ‘ಎಲ್ಲಿ ಕೂಡಿಕೊಂಡಿತ್ತು’ ಎಂದು ಕೇಳುವುದು ಮೇಲು. ಈ ಟಿಪ್ಪಣಿ ಆ ಪ್ರಶ್ನೆಯ ಜಾಡಿನಲ್ಲಿದೆ.

ಕತೆ ಶುರುವಾಗುವುದು ರಷ್ಯಾದ ಅಲೆಕ್ಸಾಂಡರ್ ಬುಟ್ಲೆರೋವ್ ಅವರಿಂದ. ಫಾರ್ಮಾಲ್ಡಿಹೈಡನ್ನು ಸುಣ್ಣದ ನೀರಿನೊಂದಿಗೆ ಬಿಸಿ ಮಾಡಿದರೆ ಸಿಹಿಯಾದ ಪಾಕ ಬರುತ್ತದೆ ಎಂದು ಅವರು 1861ರಲ್ಲಿ ವರದಿ ಮಾಡಿದರು. ಇದೇ ಮುಂದೆ ಫಾರ್ಮೋಸ್ ಕ್ರಿಯೆ ಎಂದು ಹೆಸರಾಯಿತು. ಒಂದೇ ಇಂಗಾಲವಿರುವ ಫಾರ್ಮಾಲ್ಡಿಹೈಡಿನಿಂದ ಎರಡು ಇಂಗಾಲದ ಗ್ಲೈಕೋಲಾಲ್ಡಿಹೈಡ್, ಅದರಿಂದ ಮೂರು ಇಂಗಾಲದ ಗ್ಲಿಸರಾಲ್ಡಿಹೈಡ್, ಎರಡೂ ಕೂಡಿದರೆ ಐದು. ಲೆಕ್ಕ ಚೆನ್ನಾಗಿದೆ, ಕಚ್ಚಾ ವಸ್ತುವೂ ಅಗ್ಗ. ಫಾರ್ಮಾಲ್ಡಿಹೈಡ್ ಅಂತರತಾರಾ ಮೋಡಗಳಲ್ಲೂ ಇದೆ. ತೊಂದರೆ ಇರುವುದು ಬರುವ ಮಾಲಿನಲ್ಲಿ. ಹತ್ತಾರು ಬಗೆಯ ಸಕ್ಕರೆಗಳು, ಕವಲೊಡೆದವು, ಒಡೆಯದವು ಎಲ್ಲ ಒಟ್ಟಿಗೆ ಹುಟ್ಟುತ್ತವೆ. ಅವುಗಳಲ್ಲಿ ರೈಬೋಸಿನ ಪಾಲು ತೀರಾ ಚಿಕ್ಕದು. ಕ್ರಿಯೆಯನ್ನು ತಡೆಯದೆ ಬಿಟ್ಟರೆ ಬೆಲ್ಲದ ಪಾಕ ಕೈತಪ್ಪಿ ಕರಿದಾದ ಹಾಗೆ ಎಲ್ಲವೂ ಕಂದು ಅಂಟಾಗಿ ಮುಗಿಯುತ್ತದೆ.

ಇದರ ಮೇಲೆ 1995ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಮಿಂಚಿನ ಕಿಡಿಯಿಂದ ಅಮೈನೊ ಆಮ್ಲ ತಯಾರಿಸಿ 1953ರಲ್ಲಿ ಹೆಸರಾದ ಸ್ಟ್ಯಾನ್ಲಿ ಮಿಲ್ಲರ್ ಅವರೇ ರೋಸಾ ಲಾರಾಲ್ಡೆ ಮತ್ತು ಮೈಕೆಲ್ ರಾಬರ್ಟ್‌ಸನ್ ಜೊತೆಗೂಡಿ ರೈಬೋಸ್ ಎಷ್ಟು ಬೇಗ ಕೆಡುತ್ತದೆ ಎಂದು ಅಳೆದರು. ಪಿಎಚ್ 7ರಲ್ಲಿ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಅರ್ಧಾಯು 73 ನಿಮಿಷ. ಸೊನ್ನೆ ಡಿಗ್ರಿಗೆ ಇಳಿಸಿದರೂ 44 ವರ್ಷ. ನಮ್ಮ ಆಯಸ್ಸಿನ ಲೆಕ್ಕದಲ್ಲಿ ಇದು ದೊಡ್ಡದು, ಭೂಮಿಯ ಲೆಕ್ಕದಲ್ಲಿ ಏನೇನೂ ಅಲ್ಲ. ಆದ್ದರಿಂದ ಮೊದಲ ಆನುವಂಶಿಕ ವಸ್ತುವಿನಲ್ಲಿ ರೈಬೋಸ್ ಆಗಲಿ ಬೇರೆ ಸಕ್ಕರೆಯಾಗಲಿ ಇದ್ದಿರಲಾರದು ಎಂದು ಅವರು ನೇರವಾಗಿಯೇ ಬರೆದರು. ಆರ್‌ಎನ್‌ಎ ಪಕ್ಷದವರು ಇದಕ್ಕೆ ಜವಾಬು ಕೊಡಲೇಬೇಕಾಯಿತು.

ಜವಾಬಿಗೆ ಬೇಕಾದ ರಸಾಯನ ಹಳೆಯದು. ಬೋರಿಕ್ ಆಮ್ಲ ನಮಗೆ ಕೇರಂ ಬೋರ್ಡಿನ ಮೇಲೆ ಉದುರಿಸುವ ಪುಡಿಯಾಗಿ ಪರಿಚಿತ. ಅದರ ಸೋಡಿಯಂ ಲವಣವಾದ ಬಿಳಿಗಾರ ಅಕ್ಕಸಾಲಿಗರ ಪೆಟ್ಟಿಗೆಯಲ್ಲಿರುತ್ತದೆ. ಬೋರಾನ್ ಪರಮಾಣುವಿನ ಹೊರಕವಚದಲ್ಲಿ ಇರುವುದು ಮೂರೇ ಎಲೆಕ್ಟ್ರಾನ್. ಮೂರು ಬಂಧ ಕಟ್ಟಿಕೊಂಡ ಮೇಲೂ ಅದಕ್ಕೆ ಒಂದು ಜೋಡಿ ಎಲೆಕ್ಟ್ರಾನಿನ ಕೊರತೆ ಉಳಿದೇ ಇರುತ್ತದೆ. ಬೋರಿಕ್ ಆಮ್ಲ ಇತರ ಆಮ್ಲಗಳಂತೆ ಪ್ರೋಟಾನನ್ನು ಬಿಟ್ಟುಕೊಡುವುದಿಲ್ಲ. ನೀರಿನಿಂದ ಒಂದು ಹೈಡ್ರಾಕ್ಸಿಲನ್ನು ಕಸಿದು ಆ ಕೊರತೆ ತುಂಬಿಕೊಳ್ಳುತ್ತದೆ. ಹಾಗೆ ಆದದ್ದೇ ನಾಲ್ಕು ಕೈಗಳ ಬೋರೇಟ್. ಪಕ್ಕಪಕ್ಕದ ಎರಡು ಇಂಗಾಲಗಳ ಮೇಲೆ ಒಂದೇ ಬದಿಗೆ ಚಾಚಿದ ಎರಡು ಹೈಡ್ರಾಕ್ಸಿಲ್‌ಗಳು ಸಿಕ್ಕರೆ ಬೋರೇಟ್ ಎರಡನ್ನೂ ಒಟ್ಟಿಗೆ ಹಿಡಿದು ಉಂಗುರ ಕಟ್ಟುತ್ತದೆ.

ಬಿಎಸ್ಸಿ ಪ್ರಯೋಗಾಲಯದಲ್ಲಿ ಬ್ಯೂರೆಟ್ ಹಿಡಿದವರಿಗೆ ಇದು ಕಣ್ಣಾರೆ ಕಂಡ ಸಂಗತಿ. ಬೋರಿಕ್ ಆಮ್ಲ ಎಷ್ಟು ದುರ್ಬಲ ಎಂದರೆ ಸೋಡಿಯಂ ಹೈಡ್ರಾಕ್ಸೈಡ್ ತೊಟ್ಟಿಕ್ಕಿಸುತ್ತ ಹೋದಾಗ ಫಿನಾಲ್ಫ್ಥಲೀನಿನ ಗುಲಾಬಿ ಬಣ್ಣ ಎಲ್ಲಿ ಶುರುವಾಯಿತು ಎಂದು ಖಚಿತವಾಗಿ ಹೇಳಲಾಗದು. ಬಣ್ಣ ಮಸುಕು ಮಸುಕಾಗಿ ಮೊದಲೇ ಮೂಡಿಬಿಡುತ್ತದೆ. ಒಂದಿಷ್ಟು ಮ್ಯಾನಿಟಾಲ್ ಅಥವಾ ಗ್ಲಿಸರಾಲ್ ಹಾಕಿದರೆ ಬಣ್ಣ ಹೋಗುತ್ತದೆ. ಮತ್ತಷ್ಟು ಕ್ಷಾರ ಕುಡಿದ ಮೇಲೆ, ಒಂದೇ ತೊಟ್ಟಿಗೆ, ದ್ರಾವಣ ತಟ್ಟನೆ ಗುಲಾಬಿಯಾಗುತ್ತದೆ. ಮ್ಯಾನಿಟಾಲಿನ ಹೈಡ್ರಾಕ್ಸಿಲ್‌ಗಳು ಬೋರೇಟನ್ನು ಹಿಡಿದಿಟ್ಟು ಆಮ್ಲವನ್ನು ಪ್ರಬಲಗೊಳಿಸಿದ ಪರಿಣಾಮ ಅದು. ಡಚ್ ರಸಾಯನಜ್ಞ ಯಾಕೋಬಸ್ ಬೊಯೆಸೆಕೆನ್ ಇದೇ ಗುಣವನ್ನು ಬಳಸಿ, ಬೋರಿಕ್ ಆಮ್ಲ ಬೆರೆಸಿದ ಸಕ್ಕರೆ ದ್ರಾವಣಗಳ ವಿದ್ಯುದ್ವಾಹಕತೆ ಅಳೆದು, ಯಾವ ಸಕ್ಕರೆಯಲ್ಲಿ ಯಾವ ಹೈಡ್ರಾಕ್ಸಿಲ್ ಎತ್ತ ಮುಖ ಮಾಡಿದೆ ಎಂದು 1910ರ ದಶಕದಲ್ಲೇ ತೀರ್ಮಾನಿಸುತ್ತಿದ್ದರು. ಸಕ್ಕರೆಗೂ ಬೋರೇಟಿಗೂ ಇರುವ ಈ ನಂಟು ಪಠ್ಯಪುಸ್ತಕದ ಮಾತಾಗಿ ಎಷ್ಟೋ ಕಾಲವಾಗಿತ್ತು. ಅದನ್ನು ಜೀವದ ಉಗಮದ ಪ್ರಶ್ನೆಗೆ ತಂದು ಜೋಡಿಸಲು ಹೊಸ ಶತಮಾನವೇ ಬರಬೇಕಾಯಿತು ಎಂಬುದು ಶಾಖೆ ಶಾಖೆಗಳ ನಡುವಿನ ಗೋಡೆ ಎಷ್ಟು ದಪ್ಪ ಎಂಬುದಕ್ಕೆ ನಿದರ್ಶನ.

ಜೋಡಿಸಿದವರಲ್ಲಿ ಮೊದಲಿಗರು ಬೆನ್ವಾ ಪ್ರಿಯೂರ್. 2001ರಲ್ಲಿ ಫ್ರೆಂಚ್‌ನಲ್ಲಿ ಬಂದ ಅವರ ಲೇಖನಕ್ಕೆ ಸಿಗಬೇಕಾದಷ್ಟು ಓದುಗರು ಸಿಗಲಿಲ್ಲ. ಸದ್ದು ಮಾಡಿದ್ದು 2004ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪುಟ್ಟ ವರದಿ. ಆಗ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವನ್ ಬೆನ್ನರ್ ಮತ್ತು ಅವರ ವಿದ್ಯಾರ್ಥಿ ಅಲೊನ್ಸೊ ರಿಕಾರ್ಡೊ ಇದರ ಮುಖ್ಯ ಲೇಖಕರು. ಪ್ರಯೋಗ ತೀರಾ ಸರಳ. ಗ್ಲೈಕೋಲಾಲ್ಡಿಹೈಡ್ ಮತ್ತು ಗ್ಲಿಸರಾಲ್ಡಿಹೈಡನ್ನು ಸುಣ್ಣದ ನೀರಿನಲ್ಲಿ ಬೆರೆಸಿಟ್ಟರೆ ಒಂದು ಗಂಟೆಯೊಳಗೆ ದ್ರಾವಣ ಕಂದಾಗುತ್ತದೆ. ಅದೇ ಮಿಶ್ರಣಕ್ಕೆ ಕೋಲ್ಮನೈಟ್ ಎಂಬ ಕ್ಯಾಲ್ಸಿಯಂ ಬೋರೇಟ್ ಖನಿಜದ ಪುಡಿ ಹಾಕಿದರೆ ಎರಡು ತಿಂಗಳಾದರೂ ಕಂದಾಗುವುದಿಲ್ಲ. ಒಳಗೆ ರೈಬೋಸ್ ಮತ್ತದರ ಸೋದರ ಸಕ್ಕರೆಗಳು ಕೂಡಿಕೊಂಡಿರುತ್ತವೆ. ಯುಲೆಕ್ಸೈಟ್, ಕರ್ನೈಟ್ ಎಂಬ ಬೇರೆ ಬೋರೇಟ್ ಖನಿಜಗಳೂ ಇದೇ ಕೆಲಸ ಮಾಡಿದವು.

ಸಕ್ಕರೆ ಕೆಡುವುದು ಅದರ ತೆರೆದ ತುದಿಯ ಆಲ್ಡಿಹೈಡ್ ಗುಂಪಿನ ದೆಸೆಯಿಂದ. ಆ ಗುಂಪಿನ ಪಕ್ಕದ ಇಂಗಾಲದ ಮೇಲಿನ ಹೈಡ್ರೋಜನನ್ನು ಕ್ಷಾರ ಸೆಳೆದುಕೊಂಡರೆ ಅಣು ಈನೋಲ್ ಆಗಿ ತಿರುಗಿ ಸಿಕ್ಕಸಿಕ್ಕ ಅಣುಗಳ ಮೇಲೆ ಎರಗುತ್ತದೆ. ಗ್ಲಿಸರಾಲ್ಡಿಹೈಡನ್ನು ಬೋರೇಟ್ ಹಿಡಿದಾಗ ಈ ತಿರುವು ನಿಲ್ಲುತ್ತದೆ, ಆದರೆ ಇನ್ನೊಂದು ಅಣು ಬಂದು ಅದರ ಮೇಲೆ ಎರಗಲು ಅಡ್ಡಿಯಿಲ್ಲ. ಗ್ಲೈಕೋಲಾಲ್ಡಿಹೈಡಿನ ಮೇಲೆ ಬೋರೇಟಿನ ಹಿಡಿತ ಅಷ್ಟಿಲ್ಲದ್ದರಿಂದ ಅದು ಸ್ವತಂತ್ರವಾಗಿ ಈನೋಲಾಗುತ್ತದೆ. ಹೀಗೆ ಎರಗುವುದು ಯಾರು, ಎರಗಿಸಿಕೊಳ್ಳುವುದು ಯಾರು ಎಂಬುದು ಮೊದಲೇ ನಿಗದಿಯಾಗಿ, ಎರಡು ಮತ್ತು ಮೂರು ಸೇರಿ ಐದಾಗುತ್ತದೆ. ಹುಟ್ಟಿದ ಸಕ್ಕರೆ ಉಂಗುರ ಕಟ್ಟಿಕೊಂಡ ಕೂಡಲೇ ಬೋರೇಟ್ ಅದನ್ನೂ ಹಿಡಿಯುತ್ತದೆ. ಉಂಗುರ ಬಿಚ್ಚದಿರುವ ತನಕ ಆಲ್ಡಿಹೈಡ್ ಗುಂಪೇ ಇಲ್ಲ, ಕೆಡುವ ದಾರಿಯೂ ಇಲ್ಲ.

ಐದು ಇಂಗಾಲದ ಆಲ್ಡೋಸ್ ಸಕ್ಕರೆಗಳು ನಾಲ್ಕು: ರೈಬೋಸ್, ಅರಾಬಿನೋಸ್, ಕ್ಸೈಲೋಸ್, ಲಿಕ್ಸೋಸ್. ನಾಲ್ಕನ್ನೂ ಒಟ್ಟಿಗಿಟ್ಟರೆ ಬೋರೇಟ್ ಹೆಚ್ಚಾಗಿ ಒಲಿಯುವುದು ರೈಬೋಸಿಗೇ. ಐದು ಮೂಲೆಯ ಉಂಗುರದಲ್ಲಿ ರೈಬೋಸಿನ ಎರಡನೆಯ ಮತ್ತು ಮೂರನೆಯ ಹೈಡ್ರಾಕ್ಸಿಲ್‌ಗಳು ಒಂದೇ ಬದಿಗಿವೆ. ಲಿಕ್ಸೋಸಿನಲ್ಲೂ ಹಾಗೆಯೇ ಇವೆ. ಆದರೆ ಅಲ್ಲಿ ಐದನೆಯ ಇಂಗಾಲದ ಬಾಲವೂ ಅದೇ ಬದಿಗೆ ಚಾಚಿಕೊಂಡು ಬೋರೇಟಿಗೆ ಇಕ್ಕಟ್ಟು ಮಾಡುತ್ತದೆ. ರೈಬೋಸಿನ ಬಾಲ ಎದುರು ಬದಿಗಿದೆ, ಜಾಗ ಖುಲ್ಲಾ. ಅರಾಬಿನೋಸ್, ಕ್ಸೈಲೋಸ್‌ಗಳಲ್ಲಿ ಎರಡನೆಯದೂ ಮೂರನೆಯದೂ ವಿರುದ್ಧ ಬದಿಗೆ. 2013ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಯೊಶಿಹಿರೊ ಫುರುಕಾವಾ ಮತ್ತು ಸಂಗಡಿಗರು ಬೋರೇಟ್ ದ್ರಾವಣದಲ್ಲಿ ನಾಲ್ಕನ್ನೂ ಹೋಲಿಸಿ ನೋಡಿದಾಗ ರೈಬೋಸೇ ಹೆಚ್ಚು ಕಾಲ ಉಳಿಯಿತು. ಆರ್‌ಎನ್‌ಎಯಲ್ಲಿ ರೈಬೋಸೇ ಏಕಿದೆ ಎಂಬ ಹಳೆಯ ಪ್ರಶ್ನೆಗೆ ಇಷ್ಟು ಚೊಕ್ಕವಾದ ಉತ್ತರ ಬೇರೆ ಯಾವ ಖನಿಜವೂ ಕೊಟ್ಟಿಲ್ಲ. ಸಿಲಿಕೇಟ್ ಕೂಡ ಸಕ್ಕರೆಗಳನ್ನು ಹಿಡಿದಿಡಬಲ್ಲದೆಂದು 2010ರಲ್ಲಿ ಜೋಸೆಫ್ ಲ್ಯಾಂಬರ್ಟ್ ತಂಡ ತೋರಿಸಿತು. ಅದು ಹೇರಳವಾಗಿ ಸಿಗುವ ವಸ್ತು ಎಂಬುದು ಅದರ ಹೆಚ್ಚುಗಾರಿಕೆ, ಆದರೆ ಆರಿಸುವ ಕಣ್ಣು ಬೋರೇಟಿನಷ್ಟು ಚುರುಕಲ್ಲ.

ಇಲ್ಲಿಂದ ಮುಂದೆ ಹುಷಾರಾಗಿ ಹೆಜ್ಜೆ ಇಡಬೇಕು. 2004ರ ಪ್ರಯೋಗಕ್ಕೆ ಗ್ಲೈಕೋಲಾಲ್ಡಿಹೈಡ್, ಗ್ಲಿಸರಾಲ್ಡಿಹೈಡ್ ಎರಡನ್ನೂ ಶುದ್ಧವಾಗಿ ತಂದು ಹಾಕಲಾಗಿತ್ತು. ನಿಸರ್ಗದಲ್ಲಿ ಅವುಗಳ ಸುತ್ತ ಫಾರ್ಮಾಲ್ಡಿಹೈಡ್ ಇದ್ದೇ ಇರುತ್ತದೆ. ಅದು ನಡುವೆ ಬಂದರೆ ಬೋರೇಟಿನ ಸಮ್ಮುಖದಲ್ಲಿ ಕವಲೊಡೆದ ಸಕ್ಕರೆಗಳೇ ಹೆಚ್ಚುತ್ತವೆ ಎಂದು ಬೆನ್ನರ್ ತಂಡವೇ 2011ರಲ್ಲಿ ಒಪ್ಪಿಕೊಂಡಿತು. ಕವಲನ್ನು ನೇರ ಮಾಡಲು ಮಾಲಿಬ್ಡೇಟ್ ಬೇಕು ಎಂದೂ ಸೇರಿಸಿತು. ಸ್ಲೊವಾಕಿಯಾದ ವೊಯ್ಟೆಖ್ ಬೀಲಿಕ್ 1970ರ ದಶಕದಲ್ಲಿ ಕಂಡುಕೊಂಡ ಮರುಜೋಡಣೆ ಕ್ರಿಯೆ ಅದಕ್ಕೆ ಆಧಾರ. ಹೀಗೆ ಒಂದು ಖನಿಜದ ಕತೆ ಎರಡು ಖನಿಜದ ಕತೆಯಾಯಿತು. ಪ್ರತಿ ತೊಡಕಿಗೂ ಹೊಸದೊಂದು ಖನಿಜವನ್ನು ಕರೆತರುವ ಈ ಕ್ರಮ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ, ಒಣಗುವ ತಗ್ಗುಗಳಲ್ಲಿ ಖನಿಜಗಳು ಒಂಟಿಯಾಗಿ ಇರುವುದಿಲ್ಲವಲ್ಲ. ಬೋರೇಟ್ ಎಡಗೈ ಬಲಗೈ ಅಣುಗಳ ನಡುವೆ ಭೇದ ಮಾಡುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಜೀವಿಗಳಲ್ಲಿ ಒಂದೇ ಕೈಯ ಅಣುಗಳು ಏಕಿವೆ ಎಂಬ ಒಗಟನ್ನು ಬಿಡಿಸುವ ಹೊರೆಯನ್ನು ಅದರ ಮೇಲೆ ಹೇರಬಾರದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇಂಗ್ಲೆಂಡಿನಿಂದ ಬಂತು. ಮ್ಯಾಥ್ಯೂ ಪೌನರ್, ಬೆಯಾಟ್ರಿಸ್ ಗೆರ್‌ಲಾಂಡ್, ಜಾನ್ ಸದರ್ಲೆಂಡ್ 2009ರಲ್ಲಿ ಪ್ರಕಟಿಸಿದ ದಾರಿಯಲ್ಲಿ ಬಿಡಿ ರೈಬೋಸ್ ಎಂಬುದೇ ಬರುವುದಿಲ್ಲ. ಸಕ್ಕರೆಯ ಅರ್ಧವೂ ಕ್ಷಾರಾಂಗದ ಅರ್ಧವೂ ಮೊದಲೇ ಬೆಸೆದುಕೊಂಡು ಆಮೇಲೆ ಪೂರ್ಣಗೊಳ್ಳುತ್ತವೆ. ಅಲ್ಲಿ ಸಹಾಯಕ್ಕೆ ನಿಂತದ್ದು ಫಾಸ್ಫೇಟ್. ರೈಬೋಸನ್ನು ಕಾಪಾಡುವ ಅಗತ್ಯವೇ ಇಲ್ಲದಿದ್ದರೆ ಕಾವಲುಗಾರನ ಮಾತೇಕೆ? ತರ್ಕ ಸರಿ. ಆದರೆ ಆ ದಾರಿಯಲ್ಲೂ ಗ್ಲೈಕೋಲಾಲ್ಡಿಹೈಡ್, ಗ್ಲಿಸರಾಲ್ಡಿಹೈಡ್‌ಗಳು ಹೇಳಿದ ಸರದಿಯಲ್ಲಿ, ಬೇರೆ ಬೇರೆಯಾಗಿ ಬಂದು ಸೇರಬೇಕು. ಗ್ಲಿಸರಾಲ್ಡಿಹೈಡನ್ನು ಕೆಡದಂತೆ ಇಟ್ಟುಕೊಳ್ಳುವವರು ಒಬ್ಬರು ಅಲ್ಲಿಗೂ ಬೇಕು.

ಈಗ ನೀರಿನ ಲೆಕ್ಕ. ಸಕ್ಕರೆಯನ್ನು ಬಿಗಿಯಾಗಿ ಹಿಡಿಯುವುದು ಬೋರೇಟ್ ರೂಪ, ಬೋರಿಕ್ ಆಮ್ಲದ ರೂಪವಲ್ಲ. ಸಿಹಿನೀರಿನಲ್ಲಿ ಇವೆರಡೂ ಸಮವಾಗುವುದು ಪಿಎಚ್ ಸುಮಾರು 9.2ರಲ್ಲಿ, ಉಪ್ಪಿನ ಪ್ರಭಾವದಿಂದ ಕಡಲ ನೀರಿನಲ್ಲಿ ಅದು 8.6ರ ಆಸುಪಾಸಿಗೆ ಇಳಿಯುತ್ತದೆ. ಇಂದಿನ ಕಡಲಲ್ಲಿ ಒಟ್ಟು ಬೋರಾನ್ ಲೀಟರಿಗೆ ಸುಮಾರು 0.42 ಮಿಲಿಮೋಲ್. 400 ಕೋಟಿ ವರ್ಷಗಳ ಹಿಂದಿನ ಕಡಲಿನ ಪಿಎಚ್ 6.6ರಷ್ಟಿತ್ತು ಎಂದು ಕ್ರಿಸ್ಸನ್ಸೆನ್-ಟಾಟನ್ ಮತ್ತು ಸಂಗಡಿಗರ 2018ರ ಮಾದರಿ ಹೇಳುತ್ತದೆ. ಇಂದಿನಷ್ಟೇ ಬೋರಾನ್ ಅಂದೂ ಇತ್ತೆಂದು ಧಾರಾಳವಾಗಿ ಒಪ್ಪಿಕೊಂಡರೂ, ಆ ಪಿಎಚ್‌ನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಬೋರೇಟ್ ರೂಪದಲ್ಲಿರುತ್ತದೆ. ಎಂದರೆ ಲೀಟರಿಗೆ 0.004 ಮಿಲಿಮೋಲ್. ಪ್ರಯೋಗಶಾಲೆಯ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವುದು ಹತ್ತಾರು ಮಿಲಿಮೋಲ್ ಅಥವಾ ಅದಕ್ಕೂ ಹೆಚ್ಚು. ಅಂತರ ಸಾವಿರಾರು ಪಟ್ಟು. ಬೋರೇಟ್ ಕತೆಯನ್ನು ತೆರೆದ ಕಡಲಲ್ಲಿ ನಡೆಸಲಾಗದು ಎಂದು ಹೇಳಲು ಈ ಒಂದು ಗುಣಾಕಾರ ಸಾಕು ಎನಿಸುತ್ತದೆ.

ಹಾಗಾದರೆ ಎಲ್ಲಿ? ಬೋರಾನ್ ವಿಶ್ವದಲ್ಲೇ ವಿರಳ. ನಕ್ಷತ್ರಗಳ ಒಡಲಲ್ಲಿ ಅದು ಹುಟ್ಟುವುದಕ್ಕಿಂತ ಸುಟ್ಟುಹೋಗುವುದೇ ಹೆಚ್ಚು. ಕಾಸ್ಮಿಕ್ ಕಿರಣಗಳು ಇಂಗಾಲ, ಆಮ್ಲಜನಕದ ನ್ಯೂಕ್ಲಿಯಸ್‌ಗಳನ್ನು ಒಡೆದಾಗ ಚೂರಾಗಿ ಹುಟ್ಟುವುದೇ ಅದರ ಮುಖ್ಯ ಮೂಲ ಎಂದು ರೀವ್ಸ್, ಫೌಲರ್, ಹಾಯ್ಲ್ 1970ರಲ್ಲಿ ವಿವರಿಸಿದರು. ಭೂಮಿಯ ಮ್ಯಾಂಟಲ್‌ನಲ್ಲಿ ಅದು ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೂ ಕಡಿಮೆ. ಖಂಡಗಳ ಮೇಲ್ಪದರದಲ್ಲಿ ಹದಿನೇಳರ ಸುಮಾರು. ಈ ವ್ಯತ್ಯಾಸಕ್ಕೆ ಕಾರಣ, ಶಿಲಾಪಾಕ ತಣಿಯುವಾಗ ಬೋರಾನ್ ಯಾವ ಸಾಮಾನ್ಯ ಖನಿಜದೊಳಗೂ ಸೇರಿಕೊಳ್ಳದೆ ಕೊನೆಯ ಹನಿಯ ತನಕ ಪಾಕದಲ್ಲೇ ಉಳಿಯುವುದು. ಆ ಕೊನೆಯ ಪಾಕ ಗಟ್ಟಿಯಾದಾಗ ಟೂರ್ಮಲೀನ್ ಹರಳುಗಳಾಗುತ್ತವೆ. ಅಂಥ ಬಂಡೆ ಶಿಥಿಲಗೊಂಡಾಗಲೂ ಜ್ವಾಲಾಮುಖಿ ಪ್ರದೇಶದ ಬಿಸಿನೀರು ಹೊರಬಂದಾಗಲೂ ಬೋರಾನ್ ನೀರಿಗಿಳಿಯುತ್ತದೆ. ಆ ನೀರು ಹೊರದಾರಿಯಿಲ್ಲದ ತಗ್ಗಿಗೆ ಹರಿದು, ಬಿಸಿಲಿಗೆ ಆವಿಯಾದರೆ ಕೊನೆಗೆ ಬೋರೇಟ್ ಹಕ್ಕಳೆ ಕಟ್ಟುತ್ತದೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲೂ ಸರ್ಲ್ಸ್ ಸರೋವರದಲ್ಲೂ ಆದದ್ದು ಇದೇ. ನಮ್ಮ ದೇಶದಲ್ಲಿ ನೋಡಬೇಕೆಂದರೆ ಲಡಾಖಿನ ಪೂಗಾ ಕಣಿವೆಗೆ ಹೋಗಬೇಕು; 4,400 ಮೀಟರ್ ಎತ್ತರದಲ್ಲಿ ಬಿಸಿನೀರಿನ ಬುಗ್ಗೆಗಳ ಸುತ್ತ ಬಿಳಿಗಾರ ಬೆಳ್ಳಗೆ ಹರಡಿಕೊಂಡಿರುತ್ತದೆ.

ಇಂಥ ತಗ್ಗುಗಳಲ್ಲಿ ಒಂದು ಅನುಕೂಲ ಇನ್ನೊಂದಕ್ಕೆ ತಾನಾಗಿ ಕೂಡಿಬರುತ್ತದೆ. ಕಾರ್ಬೊನೇಟ್ ತುಂಬಿದ ಸೋಡಾ ಸರೋವರಗಳ ಪಿಎಚ್ 9ಕ್ಕೂ ಮೇಲೆ, ಎಂದರೆ ಬೋರೇಟ್ ರೂಪವೇ ಬಹುಪಾಲು. ಕ್ಯಾಲ್ಸಿಯಮ್ಮನ್ನೆಲ್ಲ ಕಾರ್ಬೊನೇಟ್ ಸೆಳೆದುಕೊಳ್ಳುವುದರಿಂದ ಫಾಸ್ಫೇಟ್ ಕಲ್ಲಾಗದೆ ನೀರಿನಲ್ಲೇ ಉಳಿಯುತ್ತದೆ ಎಂದು ಟೋನರ್ ಮತ್ತು ಕ್ಯಾಟ್ಲಿಂಗ್ 2020ರಲ್ಲಿ ತೋರಿಸಿದರು. ಅವರ ವಾದ ಫಾಸ್ಫೇಟಿನದು, ಬೋರಾನಿನದಲ್ಲ. ಆದರೂ ಬೇರೆ ಬೇರೆ ಕಾರಣಕ್ಕೆ ಹೊರಟ ಎರಡು ಹುಡುಕಾಟಗಳು ಒಂದೇ ಬಗೆಯ ಕೆರೆಯ ದಡಕ್ಕೆ ಬಂದು ನಿಂತಿವೆ ಎಂಬುದಕ್ಕೆ ತೂಕವಿದೆ.

ಬಂಡೆಗಳ ಸಾಕ್ಷ್ಯ ಇಷ್ಟು ಉದಾರವಾಗಿಲ್ಲ. ನಮಗೆ ಸಿಕ್ಕಿರುವ ಬೋರೇಟ್ ನಿಕ್ಷೇಪಗಳಲ್ಲಿ ತೀರಾ ಹಳೆಯವು ಚೀನಾದ ಲ್ಯಾವೊನಿಂಗ್ ಪ್ರಾಂತದವು, 200 ಕೋಟಿ ವರ್ಷಗಳಿಗೂ ಹಿಂದಿನವು. ಜೀವ ಅದಕ್ಕಿಂತ ಬಹಳ ಮುಂಚೆಯೇ ಇತ್ತು. ಎಡ್ವರ್ಡ್ ಗ್ರೂ, ಜೆಫ್ರಿ ಬಾಡಾ, ರಾಬರ್ಟ್ ಹೇಜನ್ 2011ರಲ್ಲಿ ಈ ಅಂತರವನ್ನು ಮುಂದಿಟ್ಟು ಕೂಲಂಕಷವಾಗಿ ಚರ್ಚಿಸಿದ್ದಾರೆ. ನೀರಿನಲ್ಲಿ ಕರಗುವ ಹಕ್ಕಳೆ ನೂರಾರು ಕೋಟಿ ವರ್ಷ ಉಳಿಯಬೇಕೆಂದು ಬಯಸುವುದೇ ಅನ್ಯಾಯ ಎಂದು ವಾದಿಸಬಹುದು. ವಾದ ಸರಿಯಾದರೂ ಅದು ಸಾಕ್ಷ್ಯದ ಸ್ಥಾನ ತುಂಬುವುದಿಲ್ಲ. ಟೂರ್ಮಲೀನ್ ಮಾತ್ರ ಗಟ್ಟಿ ಆಸಾಮಿ. ಗ್ರೀನ್‌ಲ್ಯಾಂಡಿನ ಇಸುವಾ ಪಟ್ಟಿಯ 370ರಿಂದ 380 ಕೋಟಿ ವರ್ಷ ಹಳೆಯ ಶಿಲೆಗಳಲ್ಲಿ ಅದು ಸಿಕ್ಕಿದೆ. ಅಲ್ಲಿನ ಮೂಲ ಕಡಲ ಕೆಸರಿನಿಂದಾದ ಶಿಲೆಗಳಲ್ಲಿ ಟೂರ್ಮಲೀನನ್ನು ಗುರುತಿಸಿದ ಮಿಶಿಮಾ, ಒಹ್ತೊಮೊ, ಕಾಕೆಗಾವಾ 2016ರಲ್ಲಿ ಬೇರೆಯೇ ಜಾಗವನ್ನು ಸೂಚಿಸಿದರು: ಕಡಲತಳದ ಜೇಡಿ. ನೀರಿನಲ್ಲಿ ತೆಳುವಾಗಿ ಹರಡಿದ ಬೋರಾನನ್ನು ಜೇಡಿಯ ಕಣಗಳು ಹೀರಿ ಕೂಡಿಡುತ್ತವೆ. ಒಣಗುವ ಕೆರೆಗೆ ಇದು ಏಕೈಕ ಪ್ರತಿಸ್ಪರ್ಧಿ ಎನ್ನಬಹುದು. ಆದರೆ ಕೆಸರು ಹೂತು ಬಿಸಿಯಾಗುತ್ತ ಹೋದರೆ ಬೋರಾನ್ ಮತ್ತೆ ಹೊರಬರುವ ಹೊತ್ತಿಗೆ ರೈಬೋಸಿಗೆ ಅಪಾಯಕಾರಿಯಾದ ಶಾಖವೂ ಬಂದಿರುತ್ತದೆ. ನನ್ನ ಒಲವು ಕೆರೆಯ ಕಡೆಗೇ.

ಮಂಗಳ ಗ್ರಹದ ಮಾತು ಇಲ್ಲಿ ಬಾರದೆ ಇರದು. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಮಂಗಳದ ಉಲ್ಕೆಯೊಂದರ ಜೇಡಿಯ ಎಳೆಗಳಲ್ಲಿ ಬೋರಾನ್ ಕೂಡಿಕೊಂಡಿದೆ ಎಂದು ಹವಾಯಿ ವಿಶ್ವವಿದ್ಯಾಲಯದ ತಂಡ 2013ರಲ್ಲಿ ವರದಿ ಮಾಡಿತು. ಕ್ಯೂರಿಯಾಸಿಟಿ ರೋವರಿನ ಲೇಸರ್ ಉಪಕರಣ ಗೇಲ್ ಕುಳಿಯ ಕ್ಯಾಲ್ಸಿಯಂ ಸಲ್ಫೇಟ್ ಸಿರೆಗಳಲ್ಲಿ ಬೋರಾನನ್ನು ನೇರವಾಗಿ ಕಂಡಿತು. ಆ ವರದಿ 2017ರದು. ಎರಡೂ ಪ್ರಬಂಧಗಳು ಅಳತೆಯ ದೃಷ್ಟಿಯಿಂದ ವಿಶ್ವಾಸಾರ್ಹ. ಬೆನ್ನರ್ 2013ರಲ್ಲಿ ಫ್ಲಾರೆನ್ಸ್‌ನ ಭೂರಸಾಯನ ಸಮ್ಮೇಳನದಲ್ಲಿ ಇನ್ನೂ ಮುಂದೆ ಹೋಗಿ, ಬೋರೇಟೂ ಉತ್ಕರ್ಷಿತ ಮಾಲಿಬ್ಡೇಟೂ ಅಂದಿನ ಭೂಮಿಗಿಂತ ಅಂದಿನ ಮಂಗಳದಲ್ಲೇ ಇರುವ ಸಂಭವ ಹೆಚ್ಚು, ಆದ್ದರಿಂದ ಜೀವ ಅಲ್ಲಿಂದ ಬಂದಿರಬಹುದು ಎಂದರು. ಪತ್ರಿಕೆಗಳಿಗೆ ಹಬ್ಬವಾಯಿತು. ಮಾಲಿಬ್ಡೇಟನ್ನು ಕತೆಗೆ ಸೇರಿಸಿಕೊಂಡ ತಪ್ಪಿಗೆ ಇಡೀ ಕತೆಯನ್ನೇ ಬೇರೆ ಗ್ರಹಕ್ಕೆ ಸಾಗಿಸಬೇಕಾದ ಪಾಡು ಇದು ಎಂಬುದು ನನ್ನ ಅನಿಸಿಕೆ. ಬೋರಾನ್ ಒಂದಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ಕಳೆದ ಹತ್ತು ವರ್ಷಗಳ ಕೆಲಸ ಬೋರಾನಿನ ಪಾತ್ರವನ್ನೇ ಬದಲಿಸಿದೆ. ಮೊದಲಿನ ದೂರು ಏನೆಂದರೆ, ಬೋರೇಟ್ ಕಾಪಾಡುವ ರೈಬೋಸ್ ಮುಂದಿನ ಕೆಲಸಕ್ಕೂ ಒದಗದೆ ಕಟ್ಟಿಬಿದ್ದಿರುತ್ತದೆ ಎಂಬುದು. 2016ರಲ್ಲಿ ಹ್ಯೊ-ಜೂಂಗ್ ಕಿಮ್, ಬೆನ್ನರ್, ಫುರುಕಾವಾ ಮೊದಲಾದವರು ಆ ಕಟ್ಟನ್ನೇ ಉಪಯೋಗಕ್ಕೆ ತಂದರು. ರೈಬೋಸಿಗೆ ಕ್ಷಾರಾಂಗ ಸೇರಿದ ಘಟಕವಾದ ನ್ಯೂಕ್ಲಿಯೊಸೈಡಿನಲ್ಲಿ ಫಾಸ್ಫೇಟ್ ಕೂರಬಹುದಾದ ಜಾಗ ಮೂರು: ಎರಡನೆಯ, ಮೂರನೆಯ, ಐದನೆಯ ಇಂಗಾಲಗಳ ಹೈಡ್ರಾಕ್ಸಿಲ್‌ಗಳು. ಮೊದಲೆರಡನ್ನು ಬೋರೇಟ್ ಮುಚ್ಚಿಟ್ಟಿರುವುದರಿಂದ ಫಾಸ್ಫೇಟ್ ಹೋಗಿ ಕೂರುವುದು ಐದನೆಯದರ ಮೇಲೆ. ಇಂದಿನ ಜೀವಕೋಶಗಳಲ್ಲಿ ನ್ಯೂಕ್ಲಿಯೊಟೈಡಿನ ಫಾಸ್ಫೇಟ್ ಇರುವುದೂ ಅಲ್ಲೇ. ಫಾಸ್ಫೇಟನ್ನು ಒದಗಿಸಿದ್ದು ಲೂನೆಬರ್ಗೈಟ್ ಎಂಬ, ಮೆಗ್ನೀಸಿಯಂ, ಬೋರೇಟ್, ಫಾಸ್ಫೇಟ್ ಮೂರೂ ಇರುವ ಖನಿಜ. ಅದು ಸಿಗುವುದೂ ಒಣಗಿದ ಉಪ್ಪಿನ ನಿಕ್ಷೇಪಗಳಲ್ಲೇ. 2022ರಲ್ಲಿ ಹಿರಕಾವಾ, ಕಾಕೆಗಾವಾ, ಫುರುಕಾವಾ ಬಿಡಿ ರೈಬೋಸಿಗೇ ಯೂರಿಯಾ ಮತ್ತು ಬೋರೇಟಿನ ಸಹಾಯದಿಂದ ಹೀಗೆ ಫಾಸ್ಫೇಟ್ ಕೂರಿಸಿದರು.

2023ರಲ್ಲಿ ತೊಹೊಕು ತಂಡದಿಂದಲೇ ಅನಿರೀಕ್ಷಿತವಾದದ್ದೊಂದು ಬಂತು. ಬೋರಿಕ್ ಆಮ್ಲದೊಂದಿಗೆ ಗ್ಲೈಸೀನ್ ದ್ರಾವಣವನ್ನು ತಟಸ್ಥ ಪಿಎಚ್‌ನಲ್ಲಿ ಬಿಸಿಯಾಗಿ ಒಣಗಿಸಿದರೆ ಅಮೈನೊ ಆಮ್ಲಗಳು ಕೊಂಡಿ ಕೊಂಡಿಯಾಗಿ ಸೇರಿ 39 ಘಟಕಗಳವರೆಗಿನ ಸರಪಳಿಗಳಾಗುತ್ತವೆ. ಸಾಮಾನ್ಯವಾಗಿ ತಟಸ್ಥ ದ್ರಾವಣದಲ್ಲಿ ಗ್ಲೈಸೀನ್ ಹೀಗೆ ಸೇರಲು ಮನಸ್ಸು ಮಾಡುವುದಿಲ್ಲ. ಇಲ್ಲಿ ಕೆಲಸ ಮಾಡಿದ್ದು ಸಕ್ಕರೆ ಹಿಡಿಯುವ ಬೋರೇಟ್ ಅಲ್ಲ, ಎಲೆಕ್ಟ್ರಾನ್ ಕೊರತೆಯ ಬೋರಿಕ್ ಆಮ್ಲ. ಪಿಎಚ್ ಏರಿದಾಗ ಒಂದು ಕೆಲಸ, ಇಳಿದಾಗ ಇನ್ನೊಂದು. ಒಂದೇ ತಗ್ಗಿಗೆ ಮಳೆಗಾಲದಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆತ ಹುಳಿನೀರು ಬಂದು, ಬೇಸಗೆಯಲ್ಲಿ ಕ್ಷಾರ ಗಟ್ಟಿಯಾಗುತ್ತಿದ್ದರೆ ಎರಡೂ ನಡೆಯಬಹುದಲ್ಲವೇ ಎಂದು ಊಹಿಸುವ ಆಸೆಯಾಗುತ್ತದೆ. ಊಹೆ ಎಂದೇ ಅದನ್ನು ಇಲ್ಲಿ ದಾಖಲಿಸುತ್ತೇನೆ.

ಇಂದಿನ ಜೀವಿಗಳಲ್ಲಿ ಬೋರಾನ್ ಉಳಿದಿದೆಯೇ ಎಂಬ ಪ್ರಶ್ನೆ ಸಹಜ. ಗಿಡಗಳಿಗೆ ಅದು ಬೇಕೇ ಬೇಕು ಎಂದು ಕ್ಯಾಥರಿನ್ ವಾರಿಂಗ್ಟನ್ 1923ರಲ್ಲಿ ಅವರೆ ಜಾತಿಯ ಗಿಡದ ಮೇಲೆ ತೋರಿಸಿದರು. ಕರ್ನಾಟಕದ ರೈತರಿಗೆ ಇದು ಹೊಸದಲ್ಲ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಗಂಧಕ, ಸತುವಿನ ಜೊತೆ ಬೋರಾನಿನ ಕೊರತೆಯೂ ವ್ಯಾಪಕವಾಗಿ ಕಂಡುಬಂದಿತ್ತು. ಗಿಡದ ಕೋಶಭಿತ್ತಿಯಲ್ಲಿ ಎರಡು ಪೆಕ್ಟಿನ್ ಸರಪಳಿಗಳ ಏಪಿಯೋಸ್ ಸಕ್ಕರೆಗಳನ್ನು ಒಂದು ಬೋರೇಟ್ ಎರಡೂ ಕಡೆಯಿಂದ ಹಿಡಿದು ಹೊಲಿಗೆ ಹಾಕುತ್ತದೆ. ಒಂದೇ ಬದಿಗಿರುವ ಹೈಡ್ರಾಕ್ಸಿಲ್ ಜೋಡಿಯನ್ನು ಹಿಡಿಯುವ ಅದೇ ವರಸೆ. ಬ್ಯಾಕ್ಟೀರಿಯಾಗಳ ನಡುವಿನ ಸಂದೇಶದ ಅಣುವೊಂದರಲ್ಲಿ ಬೋರಾನ್ ಇದೆ ಎಂದು 2002ರಲ್ಲಿ ಸ್ಫಟಿಕ ರಚನೆಯಿಂದ ತಿಳಿಯಿತು. ಆ ಅಣುವಿನ ಸಕ್ಕರೆಯಂಥ ಉಂಗುರ ಹುಟ್ಟುವುದು ರೈಬೋಸಿನ ತುಂಡಿನಿಂದಲೇ. ಇದನ್ನು ಆದಿಯ ಕುರುಹು ಎಂದು ಕೂಗಲು ಯಾರಿಗಾದರೂ ನಾಲಿಗೆ ತುರಿಸೀತು. ಆದರೆ ಬೋರೇಟ್ ಸಕ್ಕರೆಗೆ ಅಂಟುವುದು ರಸಾಯನದ ಸ್ವಭಾವ. ಆ ಸ್ವಭಾವವನ್ನು ವಿಕಾಸ ಯಾವಾಗ ಬೇಕಾದರೂ ಹೊಸದಾಗಿ ಬಳಸಿಕೊಳ್ಳಬಹುದು. ಗಿಡಗಳ ಕೋಶಭಿತ್ತಿ ಆದಿಮ ಭೂಮಿಯ ದಾಖಲೆಯಲ್ಲ.

ರೈಬೋಸ್ ಬಾಹ್ಯಾಕಾಶದಲ್ಲೂ ಹುಟ್ಟುತ್ತದೆ ಎಂಬುದು ಈಗ ಸ್ಪಷ್ಟ. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್ ಉಲ್ಕೆಯೂ ಸೇರಿ ಇಂಗಾಲಯುಕ್ತ ಉಲ್ಕೆಗಳಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿ ಇದೆ ಎಂದು ಫುರುಕಾವಾ ತಂಡ 2019ರಲ್ಲಿ ಪ್ರಕಟಿಸಿತು. ಅದರ ಇಂಗಾಲದ ಐಸೊಟೋಪ್ ಭೂಮಿಯ ಸಕ್ಕರೆಗಿಂತ ಭಾರ. ಇದರಿಂದ ಬೋರೇಟಿನ ಅಗತ್ಯ ಕಡಿಮೆಯಾಗುವುದಿಲ್ಲ. ಆಕಾಶದಿಂದ ಬಿದ್ದ ರೈಬೋಸಿಗೂ ನೀರಿನಲ್ಲಿ ಅದೇ 73 ನಿಮಿಷ, ಅದೇ 44 ವರ್ಷ.

ಇನ್ನು ಆಗಬೇಕಾದ ಕೆಲಸ ಪ್ರಯೋಗಶಾಲೆಯಲ್ಲಿ ಅರ್ಧ, ಬಂಡೆಯಲ್ಲಿ ಅರ್ಧ. ಪ್ರಯೋಗಗಳಲ್ಲಿ ಈವರೆಗೆ ಬಳಸಿದ್ದು ಹೆಚ್ಚಾಗಿ ಆರಿಸಿ ತಂದ ಒಂದೆರಡು ಖನಿಜಗಳನ್ನು. ಸೋಡಾ ಸರೋವರದ ನೀರಿನಲ್ಲಿ ಕಾರ್ಬೊನೇಟ್, ಸಲ್ಫೇಟ್, ಸಿಲಿಕೇಟ್, ಮೆಗ್ನೀಸಿಯಂ ಎಲ್ಲ ಇರುವಾಗ, ಮೇಲೆ ಇಂಗಾಲದ ಡೈಆಕ್ಸೈಡ್ ತುಂಬಿದ ಗಾಳಿ ಇರುವಾಗ, ಬೋರೇಟ್ ರೈಬೋಸನ್ನೇ ಆರಿಸಿ ಹಿಡಿಯುತ್ತದೆಯೇ ಎಂದು ಹಗಲು ಒಣಗಿಸಿ ರಾತ್ರಿ ನೆನೆಸುವ ಕ್ರಮದಲ್ಲಿ ತಿಂಗಳುಗಟ್ಟಲೆ ನೋಡಬೇಕು. ಬಂಡೆಯ ಕಡೆ ನೆರವಾಗಬಲ್ಲದ್ದು ಬೋರಾನಿನ ಎರಡು ಐಸೊಟೋಪ್‌ಗಳ ಅನುಪಾತ. ಕಡಲಿನ ಬೋರಾನಿನಲ್ಲಿ ಭಾರದ ಐಸೊಟೋಪ್ ಹೆಚ್ಚು. ನೆಲದ ಮೇಲಿನ ಕೆರೆಗಳು ಒಣಗಿ ಆದ ಬೋರೇಟಿನಲ್ಲಿ ಕಡಿಮೆ. ಹಕ್ಕಳೆ ಕರಗಿಹೋಗಿದ್ದರೂ ಅದರ ಬೋರಾನನ್ನು ಹೀರಿಕೊಂಡು ಬೆಳೆದ ಟೂರ್ಮಲೀನ್ ಆ ಅನುಪಾತವನ್ನು ಇಟ್ಟುಕೊಂಡಿರುತ್ತದೆ. 350 ಕೋಟಿ ವರ್ಷ ದಾಟಿದ ಕೆಸರುಶಿಲೆಗಳ ಟೂರ್ಮಲೀನನ್ನು ಹರಳು ಹರಳಾಗಿ, ನಡುವಿನಿಂದ ಅಂಚಿನವರೆಗೆ ಅಳೆಯುತ್ತ ಹೋದರೆ, ಕಡಲಿನದಲ್ಲದ ಹಗುರ ಬೋರಾನ್ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕಬಹುದು. ಹಗುರ ಬೋರಾನ್ ಆಮೇಲೆ ನುಗ್ಗಿದ ಗ್ರಾನೈಟ್ ದ್ರವಗಳಿಂದಲೂ ಬರುತ್ತದೆ. ಅವೆರಡನ್ನು ಬೇರ್ಪಡಿಸಬೇಕಾದರೆ ಹರಳಿನ ಒಳಪದರದ ಮೆಗ್ನೀಸಿಯಂ, ಕಬ್ಬಿಣದ ಪ್ರಮಾಣಗಳನ್ನೂ ಜೊತೆಗೇ ಅಳೆಯಬೇಕಾಗುತ್ತದೆ.